ಮರಿಗೆ ಹೇನು, ತಾಯಿಗೆ ಹೂವು

ಡಿಸೆಂಬರಿನಲ್ಲಿ ಹಾಸನದ ದುದ್ದ ಹೋಬಳಿಯ ಹೊಲಗಳಲ್ಲಿ ರಾಗಿ ಕೊಯ್ದು ಮೆದೆ ಹಾಕಿದ ಮೇಲೂ ಅಕ್ಕಡಿ ಸಾಲಿನ ಅವರೆ ಹಸಿರಾಗಿ ನಿಂತಿರುತ್ತದೆ. ಹೂವು, ಎಳೆಕಾಯಿ, ಬಲಿತ ಕಾಯಿ ಮೂರೂ ಒಂದೇ ಗಿಡದಲ್ಲಿ. ಅದೇ ಗಿಡದ ಕುಡಿಗೆ ಕರಿ ಹೇನು ಮೆತ್ತಿಕೊಂಡು, ಕೆಳಗಿನ ಎಲೆಗಳೆಲ್ಲ ಅಂಟಂಟಾಗಿರುತ್ತವೆ. ಹೇನಿನ ಗುಂಪಿನ ನಡುವೆ ಒಂದು ಸೆಂಟಿಮೀಟರು ಉದ್ದದ, ಕಾಲಿಲ್ಲದ, ಎಲೆಯ ಬಣ್ಣದ ಹುಳುವೊಂದು ಅಂಟಿಕೊಂಡಿದ್ದರೆ ಅದನ್ನು ಕಾಯಿಕೊರಕದ ಮರಿ ಎಂದುಕೊಂಡು ಹೊಸಕಿ ಹಾಕುವವರೇ ಹೆಚ್ಚು. "ಹುಳ ಬಿದ್ದೈತೆ ಕಣಣ್ಣ, ಇವತ್ತೇ ಔಷ್ದಿ ಹೊಡಿ" ಎಂಬ ಸಲಹೆಯೂ ಬದುವಿನಾಚೆಯಿಂದ ಬಂದುಬಿಡುತ್ತದೆ.

ಆ ಹುಳು ಅವರೆಯ ಎಲೆ ಮುಟ್ಟುವುದಿಲ್ಲ, ಕಾಯಿಯನ್ನೂ ಮುಟ್ಟುವುದಿಲ್ಲ. ಅದು ತಿನ್ನುವುದು ಹೇನನ್ನು. ಬೆಳೆದು ದೊಡ್ಡದಾದಾಗ ಅದು ಜೇನಿನಂತೆ ಕಾಣುವ, ಗಾಳಿಯಲ್ಲಿ ಒಂದೇ ಕಡೆ ನಿಂತು ಹಾರುವ ಒಂದು ನೊಣವಾಗುತ್ತದೆ. ಕೃಷಿ ವಿಜ್ಞಾನದವರು ಇದನ್ನು ಸಿರ್ಫಿಡ್ ನೊಣ ಎನ್ನುತ್ತಾರೆ. ಸದಾ ಹೂವಿನ ಮೇಲೆ ಇರುವುದರಿಂದ ಇಲ್ಲಿ ಹೂನೊಣ ಎಂದು ಕರೆಯುತ್ತೇನೆ.

ಲೋಕದಲ್ಲಿ ಹೂನೊಣಗಳ ಸುಮಾರು 6,000 ಪ್ರಭೇದಗಳಿವೆ. ಭಾರತದಲ್ಲೇ ಮುನ್ನೂರಕ್ಕೂ ಹೆಚ್ಚು. ಹಾಸನದ ಬಯಲಿನ ಬೆಳೆಗಳ ನಡುವೆ ಸುಲಭವಾಗಿ ಕಣ್ಣಿಗೆ ಬೀಳುವ ಒಂದನ್ನು ಆರಿಸಿಕೊಂಡರೆ ಉಳಿದವುಗಳ ಗುರುತೂ ತಾನಾಗಿ ಸಿಗುತ್ತದೆ. ಅದರ ಹೆಸರು ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್. ಹೆಸರು ಬಾಯಿಗೆ ತೊಡಕಾದರೂ ಪ್ರಾಣಿ ನಮ್ಮದೇ. ಡೆನ್ಮಾರ್ಕಿನ ಕೀಟತಜ್ಞ ಫ್ಯಾಬ್ರಿಷಿಯಸ್ 1805ರಲ್ಲೇ ಇದನ್ನು ವರ್ಣಿಸಿ ಹೆಸರಿಟ್ಟ. ಆಮೇಲೆ ಬ್ರಿಟಿಷ್ ಭಾರತದ ಪ್ರಾಣಿಸಂಪತ್ತಿನ ಗ್ರಂಥಮಾಲೆಯಲ್ಲಿ ಹೂನೊಣಗಳ ಸಂಪುಟ ಬಂದದ್ದು 1923ರಲ್ಲಿ. ಅದನ್ನು ಬರೆದ ಎನ್ರಿಕೊ ಬ್ರುನೆಟ್ಟಿ ವೃತ್ತಿಯಲ್ಲಿ ಸಂಗೀತಗಾರ. ಕಲ್ಕತ್ತೆಯಲ್ಲಿ ನೆಲೆಸಿ, ಬಿಡುವಿನಲ್ಲಿ ನೊಣಗಳ ಬೆನ್ನು ಹತ್ತಿದ ಮನುಷ್ಯ. ನೂರು ವರ್ಷ ಕಳೆದರೂ ಭಾರತದ ಹೂನೊಣಗಳನ್ನು ಗುರುತಿಸಲು ಹೊರಟವರು ಆ ಸಂಪುಟವನ್ನು ಪಕ್ಕಕ್ಕೆ ಇಡುವಂತಿಲ್ಲ.

ನೋಡಿದರೆ ಗುರುತು ಹಿಡಿಯುವುದು ಹೇಗೆ

ಉದ್ದ ಹೆಚ್ಚೆಂದರೆ ಒಂದು ಸೆಂಟಿಮೀಟರು. ಮೈ ತೆಳ್ಳಗೆ, ಹೊಟ್ಟೆಯ ಭಾಗ ಉದ್ದಕ್ಕೂ ಒಂದೇ ಅಗಲ. ಎದೆಯ ಬೆನ್ನು ಹೊಳೆಯುವ ಕಪ್ಪು, ಬಿಸಿಲಿಗೆ ತುಸು ಹಸಿರು ಛಾಯೆ ಕಾಣುತ್ತದೆ. ಅದರ ಎರಡೂ ಅಂಚಿಗೆ ಎದ್ದು ಕಾಣುವ ಹಳದಿ ಪಟ್ಟಿ. ಎದೆ ಮುಗಿದು ಹೊಟ್ಟೆ ಶುರುವಾಗುವಲ್ಲಿ ಅರ್ಧಚಂದ್ರದ ಆಕಾರದ ಹಳದಿ ಫಲಕವೊಂದಿದೆ, ನಡುವೆ ಸ್ವಲ್ಪ ಮಬ್ಬು. ಹೊಟ್ಟೆಯ ಎರಡನೆಯ ಖಂಡದಲ್ಲಿ ಎಡಕ್ಕೊಂದು ಬಲಕ್ಕೊಂದು ಹಳದಿ ಮಚ್ಚೆ, ಒಂದನ್ನೊಂದು ಮುಟ್ಟುವುದಿಲ್ಲ. ಅದರ ಹಿಂದಿನ ಖಂಡಗಳಲ್ಲಿ ಬಾಗಿದ ಹಳದಿ ಪಟ್ಟೆಗಳು. ಮುಖ ಹಳದಿ, ಕಣ್ಣು ಕೆಂಗಂದು, ರೆಕ್ಕೆ ಪಾರದರ್ಶಕ.

ಗಂಡು ಹೆಣ್ಣು ತಿಳಿಯಬೇಕಾದರೆ ಕಣ್ಣು ನೋಡಿ. ಗಂಡಿನ ಎರಡು ಕಣ್ಣುಗಳು ನೆತ್ತಿಯ ಮೇಲೆ ಒಂದಕ್ಕೊಂದು ತಾಗುತ್ತವೆ, ಹೆಣ್ಣಿನಲ್ಲಿ ನಡುವೆ ಜಾಗವಿರುತ್ತದೆ. ಹೂನೊಣಗಳಲ್ಲಿ ಬಹುಪಾಲಿಗೆ ಈ ಲೆಕ್ಕ ನಡೆಯುತ್ತದೆ. ಈ ಪ್ರಭೇದದ ಗಂಡಿಗೆ ಇನ್ನೊಂದು ಗುರುತಿದೆ: ಹಿಂಗಾಲಿನ ಬುಡದಲ್ಲಿ ಮುಳ್ಳಿನಂಥ ಒಂದು ಚಾಚು. ಅದು ಕಂಡರೆ ಅನುಮಾನಕ್ಕೆ ಎಡೆಯಿಲ್ಲ. ಆದರೆ ಬರಿಗಣ್ಣಿಗೆ ಅದು ಸಿಗುವುದಿಲ್ಲ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಬೇಕು.

ಜೇನಿನಿಂದ ಬೇರ್ಪಡಿಸುವುದು ಇದಕ್ಕಿಂತ ಸುಲಭ. ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡು. ಜೇನಿನ ಮೀಸೆ ಉದ್ದ, ಮೊಣಕೈಯಂತೆ ಮಡಚಿದ್ದು. ನೊಣದ್ದು ಮೋಟು, ಇದೆಯೋ ಇಲ್ಲವೋ ಎಂಬಷ್ಟು. ಕೋಲ್ಜೇನು, ತುಡುವೆಗಳ ಹಿಂಗಾಲಿಗೆ ಪರಾಗದ ಉಂಡೆ ಮೆತ್ತಿರುತ್ತದೆ, ಹೂನೊಣದ ಕಾಲು ಖಾಲಿ. ಮುಖ್ಯವಾಗಿ ಹಾರಾಟ ನೋಡಿ. ಹೂವಿನ ಮುಂದೆ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತು, ತಟ್ಟನೆ ಪಕ್ಕಕ್ಕೆ ಸರಿದು, ಮತ್ತೆ ನಿಲ್ಲುವುದು ಹೂನೊಣ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ರೆಕ್ಕೆ ಬಡಿಯುವ ಈ ಕಸುಬಿಗೆ ಹಿಂದಿನ ಜೋಡಿ ರೆಕ್ಕೆ ಮೋಟಾಗಿ ಮಾರ್ಪಟ್ಟ ಎರಡು ಗುಂಡು ಕಡ್ಡಿಗಳು ಸಮತೋಲ ಕಾಯುತ್ತವೆ.

ಅದು ಕುಟುಕುವುದಿಲ್ಲ, ಕುಟುಕಲು ಮುಳ್ಳೇ ಇಲ್ಲ. ಹಳದಿ ಕಪ್ಪು ಪಟ್ಟೆ ಕಂಡರೆ ಹಕ್ಕಿಗಳು ಕಣಜ, ಜೇನು ಎಂದು ಹೆದರಿ ದೂರವಿರುತ್ತವೆ. ಆ ಹೆದರಿಕೆಯ ಲಾಭವನ್ನು ಈ ಪಾಪದ ನೊಣ ಪಡೆಯುತ್ತದೆ. ಅಮೆಜಾನ್ ಕಾಡಿನ ಚಿಟ್ಟೆಗಳಲ್ಲಿ ಇಂಥ ವೇಷ ಕಂಡು ಅದರ ಕಾರಣ ವಿವರಿಸಿದವನು ಹೆನ್ರಿ ಬೇಟ್ಸ್, 1862ರಲ್ಲಿ. ನಮ್ಮ ಹೊಲದಲ್ಲಿ ಹಕ್ಕಿಯ ಜೊತೆಗೆ ಮನುಷ್ಯರೂ ಮೋಸ ಹೋಗುತ್ತಾರೆ.

ಹೀರೆ, ಸೋರೆ, ಹಾಗಲ ಬೆಳೆಯುವವರು ಇನ್ನೊಂದು ಗೊಂದಲ ತಪ್ಪಿಸಿಕೊಳ್ಳಬೇಕು. ಕಾಯಿಗೆ ಚುಚ್ಚಿ ಮೊಟ್ಟೆಯಿಟ್ಟು ಕೊಳೆಸುವ ಹಣ್ಣುನೊಣಕ್ಕೂ ಮೈಮೇಲೆ ಹಳದಿ ಗುರುತುಗಳಿರುತ್ತವೆ. ಅದು ಕಾಯಿಯ ಮೇಲೆ ನಡೆದಾಡುತ್ತದೆ, ಬಳ್ಳಿಗೆ ಬರುವ ಹಣ್ಣುನೊಣದ ರೆಕ್ಕೆಯಲ್ಲಿ ಕಂದು ಕಲೆಗಳಿರುತ್ತವೆ, ಹೆಣ್ಣಿನ ಹೊಟ್ಟೆಯ ತುದಿ ಚೂಪಾಗಿರುತ್ತದೆ. ಹೂನೊಣಕ್ಕೆ ಕಾಯಿಯ ಗೊಡವೆಯಿಲ್ಲ.

ಮೊಟ್ಟೆಯಿಂದ ನೊಣದವರೆಗೆ

ಹೆಣ್ಣು ಮೊಟ್ಟೆಯಿಡುವ ಜಾಗ ಆರಿಸುವುದನ್ನು ನೋಡಲು ಸಿಕ್ಕರೆ ಬಿಡಬೇಡಿ. ಹೇನು ಹತ್ತಿದ ಕುಡಿಯ ಸುತ್ತ ಸುತ್ತುತ್ತದೆ, ನಿಲ್ಲುತ್ತದೆ, ಇಳಿದು ಮುಟ್ಟಿ ನೋಡುತ್ತದೆ, ಮತ್ತೆ ಏಳುತ್ತದೆ. ಹೇನು ಹೊರಹಾಕುವ ಸಿಹಿ ಅಂಟಿನ ವಾಸನೆಯೇ ಅದಕ್ಕೆ ದಾರಿ ತೋರಿಸುವುದು. ಹೇನಿನ ಗುಂಪು ಇನ್ನೂ ಬೆಳೆಯುತ್ತಿರುವ ಕುಡಿಯೆಂದರೆ ಅದಕ್ಕೆ ಇಷ್ಟ. ಹೇನು ತುಂಬಿ ತುಳುಕಿ, ರೆಕ್ಕೆ ಬಂದು ಹಾರಿಹೋಗುವ ಹಂತ ತಲುಪಿದ ಗುಂಪು ಮರಿ ಬೆಳೆಯುವಷ್ಟರಲ್ಲಿ ಖಾಲಿಯಾಗಿರುತ್ತದೆ, ಅಂಥ ಕಡೆ ಮೊಟ್ಟೆಯಿಟ್ಟರೆ ಮರಿ ಉಪವಾಸ. ತಾಯಿ ಈ ಲೆಕ್ಕ ತಪ್ಪುವುದು ಕಡಿಮೆ.

ಮೊಟ್ಟೆಗಳನ್ನು ರಾಶಿಯಾಗಿ ಇಡುವುದಿಲ್ಲ. ಒಂದೊಂದನ್ನೇ ಬಿಡಿಬಿಡಿಯಾಗಿ, ಹೇನಿನ ನಡುವೆ ಅಥವಾ ಪಕ್ಕದಲ್ಲೇ ಅಂಟಿಸುತ್ತದೆ. ಬೆಳ್ಳಗೆ, ಉದ್ದುದ್ದಕ್ಕೆ, ಅಕ್ಕಿ ನುಚ್ಚಿನಂತೆ ಇರುತ್ತದೆ, ಉದ್ದ ಒಂದು ಮಿಲಿಮೀಟರಿನ ಆಸುಪಾಸು. ಎರಡು ಮೂರು ದಿನದಲ್ಲಿ ಒಡೆಯುತ್ತದೆ.

ಹೊರಬಂದ ಮರಿಗೆ ಕಾಲಿಲ್ಲ, ಕಣ್ಣಿಲ್ಲ, ತಲೆ ಎನ್ನಬಹುದಾದ ಭಾಗವೂ ಇಲ್ಲ. ಮುಂದೆ ಚೂಪು, ಹಿಂದೆ ದಪ್ಪ. ಮೊದಲು ಮಬ್ಬಾಗಿದ್ದು ಬೆಳೆದಂತೆ ಹಸಿರಾಗುತ್ತದೆ, ಬೆನ್ನ ಮೇಲೆ ಉದ್ದಕ್ಕೆ ಬಿಳಿ ಗೆರೆ ಮೂಡುತ್ತದೆ. ಹಿಂತುದಿಯಲ್ಲಿ ಉಸಿರಾಡುವ ಒಂದು ಕಂದು ಗುಬಟು. ಕಂಬಳಿಹುಳು ಅಥವಾ ಕಾಯಿಕೊರಕದ ಮರಿಗೆ ಗಟ್ಟಿ ತಲೆ ಮತ್ತು ಕಾಲುಗಳ ಸಾಲು ಇರುತ್ತವೆ. ತಲೆಯೂ ಕಾಲೂ ಇಲ್ಲದೆ ಜಿಗಣೆಯಂತೆ ಚಾಚಿ ಕುಗ್ಗಿ ಸರಿಯುವುದು ಹೂನೊಣದ ಮರಿ. ಹುಳುವನ್ನು ಹೊಸಕುವ ಮುನ್ನ ನೋಡಬೇಕಾದದ್ದು ಇದಿಷ್ಟೇ.

ಕಣ್ಣಿಲ್ಲದ ಹುಳು ಬೇಟೆಯಾಡುವ ಬಗೆಯನ್ನು ಕೈಮಸೂರದಲ್ಲಿ ನೋಡಿದವರು ಮರೆಯಲಾರರು. ಹಿಂಭಾಗವನ್ನು ಕಾಂಡಕ್ಕೆ ಅಂಟಿಸಿಕೊಂಡು ಮುಂಭಾಗವನ್ನು ಎತ್ತಿ ಎಡಕ್ಕೂ ಬಲಕ್ಕೂ ಬೀಸುತ್ತದೆ. ಹೇನಿಗೆ ತಾಗಿತೋ, ಬಾಯಿಯ ಕೊಕ್ಕೆಗೆ ಸಿಕ್ಕಿಸಿ ಗಾಳಿಗೆ ಎತ್ತಿಬಿಡುತ್ತದೆ. ಕಾಲು ಗಿಡಕ್ಕೆ ತಾಗದ ಹೇನು ಏನೂ ಮಾಡಲಾಗದು. ಅಲ್ಲೇ ರಸ ಹೀರಿ ಸಿಪ್ಪೆಯನ್ನು ಪಕ್ಕಕ್ಕೆ ಒಗೆದು ಮುಂದಿನದಕ್ಕೆ ಬೀಸಲು ಶುರು. ಪಕ್ಕದ ಹೇನುಗಳು ಇಷ್ಟಾದರೂ ಕದಲದೆ ಕುಡಿಯ ರಸ ಹೀರುತ್ತ ಕುಳಿತಿರುತ್ತವೆ. ಬೇಟೆ ಹೆಚ್ಚಾಗಿ ರಾತ್ರಿ. ಹಗಲು ಹೊತ್ತು ಹೂಗೊಂಚಲಿನ ಸಂದಿ, ಮಡಿಚಿದ ಎಲೆ, ತೊಟ್ಟಿನ ಬುಡಗಳಲ್ಲಿ ಅಡಗಿರುವುದರಿಂದ ಬೆಳಗಿನ ಇಬ್ಬನಿ ಆರುವ ಮುನ್ನ ಹುಡುಕಿದರೆ ಸಿಗುವುದು ಹೆಚ್ಚು. ಹುಳು ಕಾಣದಿದ್ದರೂ ಎಲೆಯ ಮೇಲೆ ಡಾಂಬರು ಬಳಿದಂಥ ಕಪ್ಪು ಜಿಡ್ಡಿನ ಕಲೆ, ಸುತ್ತ ಹೇನಿನ ಸಿಪ್ಪೆಗಳು ಕಂಡರೆ ಅದು ಇಲ್ಲೇ ಎಲ್ಲೋ ಇದೆ ಎಂದರ್ಥ.

ಎರಡು ಸಲ ಪೊರೆ ಬಿಟ್ಟು, ಎಂಟು ಹತ್ತು ದಿನದಲ್ಲಿ ಪೂರ್ತಿ ಬೆಳೆಯುತ್ತದೆ. ಅಷ್ಟರಲ್ಲಿ ಒಂದು ಮರಿ ತಿಂದು ಮುಗಿಸುವ ಹೇನು ಇನ್ನೂರನ್ನು ದಾಟುವುದು ಸಾಮಾನ್ಯ, ಅದರಲ್ಲಿ ಬಹುಪಾಲು ಕೊನೆಯ ಮೂರು ನಾಲ್ಕು ದಿನದ್ದು. ರೈತ ಗಮನಿಸಬೇಕಾದ ಸಂಗತಿ ಇದು. ಹೇನು ಹತ್ತಿದ ಮೊದಲ ವಾರದಲ್ಲಿ ಮರಿ ಸಣ್ಣದಿರುತ್ತದೆ, ಅದರ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಹೇನಿಗೋ ಗಂಡಿನ ಹಂಗಿಲ್ಲ, ಹೆಣ್ಣು ಹೇನು ಕೂಡದೆಯೇ ಮರಿ ಹಾಕುತ್ತದೆ, ಆ ಮರಿ ವಾರ ಹತ್ತು ದಿನದಲ್ಲಿ ತಾನೂ ಮರಿ ಹಾಕಲು ಸಿದ್ಧ. ಹೀಗಾಗಿ ಮೊದಲು ಹೇನೇ ಗೆಲ್ಲುತ್ತಿರುವಂತೆ ತೋರುತ್ತದೆ. ಔಷಧಿ ಅಂಗಡಿಗೆ ಹೋಗುವುದು ಆಗಲೇ. ಇನ್ನು ನಾಲ್ಕು ದಿನ ತಡೆದಿದ್ದರೆ ಬೆಳೆದ ಮರಿಗಳು ಕುಡಿಯನ್ನು ಗುಡಿಸಿ ಹಾಕುತ್ತಿದ್ದವು.

ಬೆಳೆದ ಮರಿ ಎಲೆಯ ಅಡಿಗೋ ಕಾಂಡಕ್ಕೋ ಅಂಟಿಕೊಂಡು ಕೋಶವಾಗುತ್ತದೆ. ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸಪೂರವಾದ ಹನಿಯ ಆಕಾರ. ಮೊದಲು ಹಸಿರು, ಆಮೇಲೆ ಕಂದು, ಒಳಗೆ ನೊಣ ತಯಾರಾದಂತೆ ಹಳದಿ ಕಪ್ಪು ಪಟ್ಟೆ ಸಿಪ್ಪೆಯ ಮೂಲಕ ಹೊರಗೆ ಕಾಣುತ್ತದೆ. ವಾರದ ಆಸುಪಾಸಿನಲ್ಲಿ ದಪ್ಪ ತುದಿಯ ಮುಚ್ಚಳ ತೆರೆದು ನೊಣ ಹೊರಬರುತ್ತದೆ. ಹೊಸ ನೊಣ ಬಿಳಿಚಿಕೊಂಡಿರುತ್ತದೆ, ಬಣ್ಣ ಗಟ್ಟಿಯಾಗಲು ಕೆಲವು ಗಂಟೆ ಬೇಕು. ಮೊಟ್ಟೆಯಿಂದ ನೊಣದವರೆಗೆ ಸುಮಾರು ಮೂರು ವಾರ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದ ಹಾಸನದ ಡಿಸೆಂಬರ್ ಚಳಿಯಲ್ಲಿ ಇನ್ನೂ ಕೆಲವು ದಿನ ಹಿಡಿಯುವುದುಂಟು.

ಬೆಳೆದ ನೊಣ ಹೇನನ್ನು ತಿನ್ನುವುದಿಲ್ಲ. ಮಕರಂದ ಅದರ ಹಾರಾಟಕ್ಕೆ, ಪರಾಗ ಹೆಣ್ಣಿನ ಮೊಟ್ಟೆ ಬಲಿಯುವುದಕ್ಕೆ. ಪರಾಗ ಸಿಗದ ಹೆಣ್ಣು ಹೇನಿನ ರಾಶಿಯ ನಡುವೆ ಹಾರಾಡಿದರೂ ಮೊಟ್ಟೆಯಿಡಲಾರದು. ಬಾಯಿ ಗಿಡ್ಡ, ಆದ್ದರಿಂದ ಆಳದ ಕೊಳವೆಯಂಥ ಹೂಗಳು ಅದಕ್ಕೆ ಎಟುಕವು. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆ, ಹುಚ್ಚೆಳ್ಳು, ತುಳಸಿಯಂಥ ತೆರೆದ ಸಣ್ಣ ಹೂಗಳೇ ಬೇಕು. ಅವರೆ ಹೂವು ಅದರ ಪಾಲಿಗೆ ಅಷ್ಟಕ್ಕಷ್ಟೆ. ಮರಿಯ ಊಟ ಅವರೆಯಲ್ಲಿ, ತಾಯಿಯ ಊಟ ಇನ್ನೊಂದು ಗಿಡದಲ್ಲಿ. ಈ ಎರಡು ಊಟ ಒಂದೇ ಹೊಲದಲ್ಲಿ ಸಿಕ್ಕರೆ ಹೂನೊಣ ನೆಲೆ ನಿಲ್ಲುತ್ತದೆ, ಇಲ್ಲವಾದರೆ ಬಂದಂತೆ ಹೋಗುತ್ತದೆ.

ಎಲ್ಲಿ, ಯಾವಾಗ

ಈ ಕಣ್ಣಿನಿಂದ ನೋಡಿದರೆ ರಾಗಿ ಹೊಲದ ಅಕ್ಕಡಿ ಸಾಲು ಹೂನೊಣಕ್ಕೆಂದೇ ಮಾಡಿದ ಏರ್ಪಾಡಿನಂತಿದೆ. ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಹಲವು ಸಾಲಿಗೊಂದರಂತೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ ಬೆರೆಸಿ ಹಾಕುವುದು ಹಳೆಯ ಕ್ರಮ. ಮೊದಲು ಸಾಸಿವೆ ಹೂ ಬಿಡುತ್ತದೆ, ಮಳೆಗಾಲ ಮುಗಿಯುವ ಹೊತ್ತಿಗೆ ಹುಚ್ಚೆಳ್ಳು ಹಳದಿಯಾಗುತ್ತದೆ. ಅಲಸಂದೆಗೆ ಆಗಲೇ ಹೇನು ಬಂದಿರುತ್ತದೆ, ನವೆಂಬರಿನ ಹೊತ್ತಿಗೆ ಅವರೆಗೆ. ಅಜ್ಜಂದಿರು ಇದನ್ನು ಮಾಡಿದ್ದು ನೊಣಕ್ಕಾಗಿ ಅಲ್ಲ, ಮನೆಯ ಸಾರಿಗೆ ಬೇಳೆ, ಒಗ್ಗರಣೆಗೆ ಸಾಸಿವೆ, ಚಟ್ನಿಪುಡಿಗೆ ಹುಚ್ಚೆಳ್ಳು ಬೇಕೆಂದು. ರಾಗಿಯನ್ನು ಯಂತ್ರದಲ್ಲಿ ಕೊಯ್ಯುವವರಿಗೆ ಈ ಸಾಲು ತೊಡಕು, ಕಳೆನಾಶಕ ಹೊಡೆಯುವವರಿಗೂ ತೊಡಕು. ಹಾಗಾಗಿ ಅಕ್ಕಡಿ ಬಿಟ್ಟ ಹೊಲಗಳು ಹೆಚ್ಚುತ್ತಿವೆ. ನಷ್ಟ ಬರೀ ಹುಚ್ಚೆಳ್ಳಿನದ್ದಲ್ಲ ಎಂದು ನನ್ನ ಅಭಿಪ್ರಾಯ.

ಮುಸುಕಿನ ಜೋಳದ ಸೂಲಂಗಿಯಲ್ಲೂ ಹೇನು ಕೂರುತ್ತದೆ, ಸೂಲಂಗಿಯ ಪರಾಗವೂ ಅಲ್ಲೇ ಉದುರುತ್ತದೆ. ಅದಕ್ಕೇ ಜೋಳದ ಹೊಲದಲ್ಲಿ ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ ತಲೆ ಎತ್ತಿ ನೋಡಿದರೆ ಹೂನೊಣ ಸಿಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅವು ನೆರಳಿಗೆ ಸರಿಯುತ್ತವೆ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಬ್ಬಿನ ಕಡೆ ಕಥೆ ಬೇರೆ. 2002ರ ಸುಮಾರಿಗೆ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ನುಗ್ಗಿದ ಬಿಳಿ ಉಣ್ಣೆ ಹೇನು ಕಬ್ಬು ಬೆಳೆಗಾರರನ್ನು ಕಂಗೆಡಿಸಿದಾಗ ಅದನ್ನು ಹತೋಟಿಗೆ ತಂದದ್ದು ಮುಖ್ಯವಾಗಿ ಡೈಫಾ ಪತಂಗದ ಮರಿಗಳು ಮತ್ತು ಮೈಕ್ರೋಮಸ್ ಎಂಬ ಕೀಟ. ಅವುಗಳ ಜೊತೆಗೆ ದುಡಿದ ಮೂರನೆಯದು ಯೂಪಿಯೋಡಿಸ್ ಎಂಬ ಹೂನೊಣ. ಔಷಧಿ ಹೊಡೆಯಬೇಡಿ, ಈ ಕೀಟಗಳನ್ನು ಬಿಡಿ ಎಂದು ವಿಜ್ಞಾನಿಗಳೇ ಹೇಳುತ್ತಿದ್ದುದನ್ನು ಕಬ್ಬಿನ ರೈತರು ಇನ್ನೂ ಮರೆತಿರಲಾರರು.

ಎಲ್ಲ ಬೆಳೆಗೂ ಹೂನೊಣವೇ ಮದ್ದು ಎಂದು ಹೇಳಿದರೆ ಸುಳ್ಳಾಗುತ್ತದೆ. ಹಾಸನದ ಆಲೂಗಡ್ಡೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಹೇನಿನ ಅಪಾಯ ಅದು ಹೀರುವ ರಸದಲ್ಲಿಲ್ಲ, ಗಿಡದಿಂದ ಗಿಡಕ್ಕೆ ಅದು ದಾಟಿಸುವ ನಂಜು ರೋಗದಲ್ಲಿದೆ. ಕೆಲವು ನಂಜುಗಳನ್ನು ಹೇನು ಚುಚ್ಚಿದ ಕೆಲವೇ ನಿಮಿಷದಲ್ಲಿ ದಾಟಿಸಿಬಿಡುತ್ತದೆ, ಆಮೇಲೆ ಹೂನೊಣದ ಮರಿ ಬಂದು ಆ ಹೇನನ್ನು ತಿಂದರೆ ಪ್ರಯೋಜನವಿಲ್ಲ. ಬಿತ್ತನೆಗೆಂದು ಗಡ್ಡೆ ಉಳಿಸಿಕೊಳ್ಳುವವರು ಇದನ್ನು ನೆನಪಿಡಬೇಕು. ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಕಡೆಯ ಹೊಗೆಸೊಪ್ಪಿನಲ್ಲೂ ಹೂನೊಣದ ಆಟ ಪೂರ್ತಿ ನಡೆಯುವುದಿಲ್ಲ. ಎಲೆಯ ಮೇಲಿನ ಅಂಟು ರೋಮಕ್ಕೆ ಸಣ್ಣ ಮರಿಗಳು ಸಿಕ್ಕಿಕೊಳ್ಳುತ್ತವೆ, ಎಲೆ ದಪ್ಪವಾಗಲೆಂದು ಹೂವಿನ ತುದಿ ಚಿವುಟುವುದರಿಂದ ತಾಯಿಗೆ ಪರಾಗವೂ ಇಲ್ಲ.

ಅದರ ಶತ್ರುಗಳು

ಇರುವೆ ಮೊದಲನೆಯದು. ಹೇನಿನ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಹತ್ತಿರ ಬಂದ ಗುಲಗಂಜಿ ಹುಳುವನ್ನೂ ಹೂನೊಣದ ಮರಿಯನ್ನೂ ಕಚ್ಚಿ ಓಡಿಸುತ್ತದೆ. ಇರುವೆ ತುಂಬಿದ ಕುಡಿಯಲ್ಲಿ ಮರಿ ಕಡಿಮೆ.

ಎರಡನೆಯ ಶತ್ರುವನ್ನು ಸಾಕಿ ನೋಡಿದವರಷ್ಟೇ ಬಲ್ಲರು. ಕೋಶ ಒಡೆಯುವ ದಿನ ಹೂನೊಣ ಬರುವ ಬದಲು ಕೆಂಪು ಕಾಲಿನ, ಕಪ್ಪು ಮೈಯ ಸಣ್ಣ ಕಣಜವೊಂದು ಹೊರಬರಬಹುದು. ಡಿಪ್ಲಾಝಾನ್ ಎಂಬ ಈ ಕಣಜ ಹೂನೊಣದ ಮೊಟ್ಟೆ ಅಥವಾ ಎಳೆ ಮರಿಯೊಳಗೆ ತನ್ನ ಮೊಟ್ಟೆ ಸೇರಿಸಿಬಿಡುತ್ತದೆ. ಮರಿ ಎಂದಿನಂತೆ ಹೇನು ತಿಂದು ಬೆಳೆದು ಕೋಶ ಕಟ್ಟುತ್ತದೆ, ಒಳಗೆ ಬೆಳೆದು ಹೊರಬರುವುದು ಮಾತ್ರ ಕಣಜ. ಇದರ ಮೇಲೆ ಸಿಟ್ಟಾಗಬೇಕಿಲ್ಲ, ಅಷ್ಟು ದಿನ ಹೇನಂತೂ ಕಡಿಮೆಯಾಗಿರುತ್ತದೆ.

ಮೂರನೆಯದು ನಾವು. ಅವರೆ ಹೂ ಬಿಟ್ಟಾಗ ಕಾಯಿಕೊರಕಕ್ಕೆಂದು ಹೊಡೆಯುವ ಔಷಧಿ ಹೇನು, ಹೂನೊಣ, ಗುಲಗಂಜಿ ಹುಳು ಎಲ್ಲವನ್ನೂ ಒಟ್ಟಿಗೆ ಸಾಯಿಸುತ್ತದೆ. ಅಳಿದುಳಿದ ಹೇನು ಹತ್ತು ದಿನದಲ್ಲಿ ಮತ್ತೆ ತುಂಬುತ್ತದೆ, ಹೂನೊಣಕ್ಕೆ ಮೂರು ವಾರ ಬೇಕು. ಎರಡನೆಯ ಸಲ ಹೇನು ಇನ್ನೂ ಜೋರಾಗಿ ಬಂತು ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಲೆಕ್ಕ. ಬೇವಿನ ಕಷಾಯ, ಬೇವಿನ ಎಣ್ಣೆ ನಿರಪಾಯ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬೇವು ಸೋಂಕಿದ ಮರಿಗಳು ನೊಣವಾಗಿ ಹೊರಬರುವ ಪ್ರಮಾಣ ತಗ್ಗಿದ್ದನ್ನು ಹೊರದೇಶದ ಪ್ರಯೋಗಗಳಲ್ಲಿ ಕಂಡಿದ್ದಾರೆ. ಹಳದಿ ಅಂಟು ಹಾಳೆಗೂ ಎರಡು ಮುಖವಿದೆ. ಹೂವನ್ನು ಬಣ್ಣದಿಂದ ಗುರುತಿಸುವ ಹೂನೊಣ ಆ ಹಳದಿಗೂ ಎರಗುತ್ತದೆ. ಹಾಳೆಯಲ್ಲಿ ಪಟ್ಟೆ ಹೊಟ್ಟೆಯ ನೊಣಗಳು ಸಿಕ್ಕಿಬಿದ್ದಿರುವುದು ಕಂಡರೆ ಕೆಲವು ದಿನ ತೆಗೆದಿಡುವುದೇ ಲೇಸು.

ಹೊಲದಲ್ಲಿ ಮಾಡಬಹುದಾದದ್ದು

ಹೇನು ಕಂಡ ಕೂಡಲೇ ಔಷಧಿ ತರಬೇಡಿ, ಮೊದಲು ಎಣಿಸಿ. ಹೊಲದ ಬೇರೆ ಬೇರೆ ಕಡೆಯ ಹತ್ತಿಪ್ಪತ್ತು ಕುಡಿಗಳನ್ನು ತಿರುವಿ ನೋಡಿ. ಹೇನಿರುವ ಕುಡಿಗಳಲ್ಲಿ ಅರ್ಧದಷ್ಟರಲ್ಲಾದರೂ ಹೂನೊಣದ ಮರಿ ಅಥವಾ ಮೊಟ್ಟೆ, ಗುಲಗಂಜಿ ಹುಳು ಅಥವಾ ಅದರ ಮರಿ ಕಂಡರೆ ನಾಲ್ಕೈದು ದಿನ ಬಿಟ್ಟು ಮತ್ತೆ ನೋಡಿ. ಇದು ನನ್ನ ಅಂದಾಜಿನ ಅಳತೆ, ಸರ್ಕಾರಿ ಶಿಫಾರಸು ಅಲ್ಲ. ನಿಮ್ಮ ಬೆಳೆಯ ಹಂತ, ತಳಿ ನೋಡಿ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕಾರೇಕೆರೆಯ ಕೃಷಿ ಕಾಲೇಜಿನಲ್ಲೋ ಕೇಳಿಕೊಂಡರೆ ಒಳ್ಳೆಯದು. ಮರಿಗಳೇ ಇಲ್ಲದೆ ಹೇನು ಏರುತ್ತಿದ್ದರೆ ಹಿತ್ತಿಲ ಮಟ್ಟಿಗೆ ಕುಡಿ ಚಿವುಟಿ ತೆಗೆಯಬಹುದು, ನೀರು ರಭಸದಿಂದ ಹಾಯಿಸಿ ತೊಳೆಯಬಹುದು. ಹೊಲದಲ್ಲಿ ಹೊಡೆಯಲೇಬೇಕೆಂದಾದರೆ ಹೇನು ಹತ್ತಿದ ಸಾಲಿಗಷ್ಟೇ, ಸಂಜೆ ಹೊತ್ತು, ಹೂನೊಣ ಜೇನು ಎರಡೂ ಹೂವಿನ ಮೇಲೆ ಇಲ್ಲದಾಗ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಕೊತ್ತಂಬರಿ, ಸಬ್ಬಸಿಗೆಯ ಮಡಿಯಲ್ಲಿ ಒಂದು ಅಂಚನ್ನು ಸೊಪ್ಪಿಗೆ ಕೀಳದೆ ಹೂವಿಗೆ ಬಿಡಿ. ಬದುವಿಗೆ ಒಂದು ಹಿಡಿ ಸಾಸಿವೆ ಎರಚಿ. ಹದಿನೈದು ದಿನದ ಅಂತರದಲ್ಲಿ ಎರಡು ಮೂರು ಕಂತಾಗಿ ಬಿತ್ತಿದರೆ ಒಂದರ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳಿರುತ್ತದೆ. ಬದುವಿನ ಕಳೆಹೂಗಳನ್ನೆಲ್ಲ ಒಮ್ಮೆಗೇ ಸವರಿ ಹಾಕದೆ ಭಾಗ ಭಾಗವಾಗಿ ಸವರಿ.

ಮಕ್ಕಳಿಗೆ ತೋರಿಸಬೇಕೆಂದರೆ ಒಂದು ಜಾಮ್ ಬಾಟಲಿ ಸಾಕು. ಹೇನು ಹತ್ತಿದ ಅವರೆ ಕುಡಿಯನ್ನು ಮರಿಯ ಸಮೇತ ಮುರಿದು, ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ ಒಳಗಿಡಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ಒಂದು ಬಾಟಲಿಗೆ ಒಂದೇ ಮರಿ. ಹೇನು ಸಾಲದಾದರೆ ಅವು ಒಂದನ್ನೊಂದು ತಿನ್ನುತ್ತವೆ. ದಿನವೂ ಹೊಸ ಹೇನು ಹಾಕಿ, ಬಾಟಲಿಯ ಒಳಗೆ ಬೆವರು ಕೂತರೆ ಒರೆಸಿ, ಬಿಸಿಲಿಗೆ ಇಡಬೇಡಿ. ಹುಳು ಕೋಶವಾದ ಮೇಲೆ ಏನೂ ಹಾಕುವುದು ಬೇಡ. ನೊಣ ಹೊರಬಂದು ಬಣ್ಣ ಬಂದ ಮೇಲೆ ಸಬ್ಬಸಿಗೆ ಹೂವಿನ ಬಳಿ ಬಿಟ್ಟುಬಿಡಿ. ದುದ್ದದ ಸುತ್ತಲಿನ ಪ್ರೌಢಶಾಲೆಗಳಿಗೆ ಇದಕ್ಕಿಂತ ಅಗ್ಗದ ಜೀವಶಾಸ್ತ್ರ ಪ್ರಯೋಗ ಸಿಗುವುದು ಕಷ್ಟ.

ಎಲ್ಲ ಹೂನೊಣಗಳ ಮರಿಯೂ ಹೇನು ತಿನ್ನುವುದಿಲ್ಲ ಎಂಬುದನ್ನೂ ಹೇಳಬೇಕು. ಕೊಟ್ಟಿಗೆಯ ಹಿಂದಿನ ಗಂಜಲದ ಗುಂಡಿಯಲ್ಲಿ, ಬಚ್ಚಲು ನೀರು ನಿಲ್ಲುವಲ್ಲಿ ಉದ್ದ ಬಾಲದ ಬೂದು ಹುಳುಗಳು ಹೊರಳಾಡುವುದನ್ನು ನೀವು ನೋಡಿರಬಹುದು. ಆ ಬಾಲವೇ ಅದರ ಉಸಿರಿನ ಕೊಳವೆ, ಮೈ ಕೊಳೆನೀರಿನಲ್ಲಿ ಮುಳುಗಿದ್ದರೂ ತುದಿ ನೀರಿನ ಮೇಲಿರುತ್ತದೆ. ಅದರಿಂದ ಬರುವುದು ಎರಿಸ್ಟಾಲಿನಸ್ ಎಂಬ ದಪ್ಪ ಹೂನೊಣ, ಕಣ್ಣಿನ ಮೇಲೆ ಚುಕ್ಕಿ ಅಥವಾ ಗೆರೆಗಳಿರುತ್ತವೆ. ಸತ್ತ ಎತ್ತಿನ ಮೈಯಿಂದ ಜೇನು ಹುಟ್ಟುತ್ತದೆಂದು ಹಳೆಯ ಗ್ರೀಕರು, ರೋಮನ್ನರು ನಂಬಿದ್ದರ ಹಿಂದೆ ಜೇನಿನಂತೆಯೇ ಕಾಣುವ ಇದರ ಹತ್ತಿರದ ನೆಂಟನೊಂದು ಇದ್ದಿರಬೇಕೆಂದು ಕೀಟತಜ್ಞರ ಊಹೆ.

ಯುರೋಪಿನಲ್ಲಿ ಈ ನೊಣಗಳ ಲೆಕ್ಕ ಎಲ್ಲಿಗೆ ಮುಟ್ಟಿದೆ ನೋಡಿ. ದಕ್ಷಿಣ ಇಂಗ್ಲೆಂಡಿನ ಮೇಲೆ ಹಾದುಹೋಗುವ ವಲಸೆ ಹೂನೊಣಗಳನ್ನು ರಾಡಾರ್‌ನಲ್ಲಿ ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವು ವರ್ಷಕ್ಕೆ 400 ಕೋಟಿಯವರೆಗೆ ಇವೆ. ನಮ್ಮಲ್ಲಿ ಯಾವ ತಾಲ್ಲೂಕಿನಲ್ಲಿ ಯಾವ ತಿಂಗಳು ಯಾವ ಹೂನೊಣ ಎಂಬ ಪಟ್ಟಿ ಮಾಡಲು ರಾಡಾರ್ ಬೇಡ, ಮೊಬೈಲ್ ಕ್ಯಾಮೆರಾ ಸಾಕು. ಮೇಲಿನಿಂದ ಒಂದು, ಮುಖದ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆಯಿರಿ. ಮೇಲಿನ ಚಿತ್ರದಲ್ಲಿ ಹೊಟ್ಟೆಯ ಪಟ್ಟೆ, ಎದುರಿನದರಲ್ಲಿ ಕಣ್ಣಿನ ನಡುವಿನ ಜಾಗ, ಪಕ್ಕದ್ದರಲ್ಲಿ ಹಿಂಗಾಲು ಸ್ಪಷ್ಟವಾಗಿ ಬರಲಿ. ಊರು, ದಿನಾಂಕ, ಕೂತಿದ್ದ ಹೂವು, ಪಕ್ಕದ ಬೆಳೆ ಇಷ್ಟನ್ನು ಬರೆದು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ಹೆಸರು ಗುರುತಿಸಿಕೊಡುವವರು ಅಲ್ಲಿದ್ದಾರೆ. ಮರಿಹುಳುವಿನ ಚಿತ್ರವಿದ್ದರೆ ಅದನ್ನೂ ಸೇರಿಸಿ, ಹೂನೊಣಗಳ ಚಿತ್ರಗಳಲ್ಲಿ ಕಡಿಮೆಯಿರುವುದು ಅದೇ.